ಕೂಗುವ ಸಾಲವಲ್ಲ, ಕೊರೆಯುವ ಸಾಲ ಮೊದಲು

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಪಾಪಿನಾಯಕನಹಳ್ಳಿಯನ್ನು ಸುತ್ತಮುತ್ತಲಿನವರು ಪಿ.ಕೆ. ಹಳ್ಳಿ ಎನ್ನುತ್ತಾರೆ. ಈ ಸೀಮೆಯಲ್ಲಿ ಸಾಲಕ್ಕೆ ಹಲವು ಅಳತೆಗಳಿವೆ. ಕೈಸಾಲ ಕೊಟ್ಟವರು ‘ನೂರಕ್ಕೆ ಐದು’ ಎನ್ನುತ್ತಾರೆ. ಬೈಕಿನಲ್ಲಿ ಬರುವ ಫೈನಾನ್ಸಿನವರು ‘ದಿನಕ್ಕೆ ನೂರು’ ಎನ್ನುತ್ತಾರೆ. ಮೈಕ್ರೋಫೈನಾನ್ಸ್ ಗುಂಪಿನದು, ಅಂದರೆ ಸಂಘದ ಸಾಲ, ವಾರದ ಕಂತಿನ ಲೆಕ್ಕ, ಗಿರವಿ ಅಂಗಡಿಯದು ತಿಂಗಳ ಲೆಕ್ಕ, ಸೊಸೈಟಿಯದು ಬೆಳೆಯ ಲೆಕ್ಕ. ಒಂದೇ ಮನೆ ಈ ಐದೂ ಕಡೆ ಸಾಲ ಮಾಡಿದ್ದರೆ ಯಾವುದು ಹೆಚ್ಚು ತಿನ್ನುತ್ತಿದೆ ಎಂದು ಹೇಳುವುದು ಓದಿದವರಿಗೂ ಕಷ್ಟ. ಆಗ ಮನೆಯವರಿಗೆ ತೋಚುವ ದಾರಿ ಒಂದೇ: ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಟ್ಟು ಕಳಿಸುವುದು. ಸಾಲ ತೀರದೆ ಉಳಿಯುವುದಕ್ಕೆ ದೊಡ್ಡ ಕಾರಣ ಇದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಡಿಮೆ ಸಂಪಾದನೆಗಿಂತಲೂ, ಎಷ್ಟೋ ಸಲ ದುಂದಿಗಿಂತಲೂ, ಹಣ ಯಾವ ಸಾಲಕ್ಕೆ ಮೊದಲು ಹೋಗುತ್ತದೆ ಎಂಬ ಸರದಿಯೇ ಮನೆಯನ್ನು ಮುಳುಗಿಸುತ್ತದೆ. ಸರದಿ ಬದಲಿಸಲು ಹೊಸ ದುಡಿಮೆ ಬೇಕಿಲ್ಲ. ಒಂದು ನೋಟ್‌ಬುಕ್, ಗಂಡ ಹೆಂಡತಿ ಜೊತೆಗೆ ಕೂರುವ ಒಂದು ಸಂಜೆ, ಮತ್ತು ಕಾನೂನು ಕೊಟ್ಟಿರುವ ರಕ್ಷಣೆಯ ಅರಿವು ಇದ್ದರೆ ಕೆಲಸ ಶುರುವಾಗುತ್ತದೆ.

ಈ ಊರುಗಳ ಸಾಲಕ್ಕೆ ತನ್ನದೇ ಚರಿತ್ರೆಯಿದೆ. ಚೀನಾ ದೇಶ ಅದಿರು ಕೊಳ್ಳುತ್ತಿದ್ದ ವರ್ಷಗಳಲ್ಲಿ ಹೊಸಪೇಟೆ ಸಂಡೂರು ಭಾಗದ ಎಷ್ಟೋ ಕುಟುಂಬಗಳು ಹೊಲ ಅಡವಿಟ್ಟು, ಫೈನಾನ್ಸ್ ಮಾಡಿಸಿ ಲಾರಿ, ಟಿಪ್ಪರ್ ಕೊಂಡವು. ಬಾಡಿಗೆ ಹಾಗೇ ಬರುತ್ತಿರುತ್ತದೆಂಬ ನಂಬಿಕೆಯ ಮೇಲೆ ಕಂತು ನಿಗದಿಯಾಯಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಸರ್ಕಾರದ ಕೈಸೇರಿತು. ಎರಡೇ ದಿನದಲ್ಲಿ, ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಆದೇಶ ಬೇಕಿತ್ತು. ನಾಡಿನ ಗುಡ್ಡಗಳು ಉಳಿಯಲು ಬೇರೆ ದಾರಿ ಇರಲಿಲ್ಲ. ಆದರೆ ಮನೆ ಮುಂದೆ ನಿಂತ ಟಿಪ್ಪರಿನ ಕಂತು ಮಾತ್ರ ನಿಲ್ಲಲಿಲ್ಲ. 2013ರ ಏಪ್ರಿಲ್‌ನಲ್ಲಿ ಕೋರ್ಟು ನಿಯಮ ಪಾಲಿಸಿದ ಗಣಿಗಳಿಗೆ ಮತ್ತೆ ಅನುಮತಿ ಕೊಡುವ ಹೊತ್ತಿಗೆ ಎಷ್ಟೋ ಗಾಡಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿದ್ದರು.

ಕಂಪ್ಲಿಯ ಕಡೆ ಇದೇ ಭಯ ನೀರಿನದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ನದಿಗೆ ಹರಿಯುತ್ತಿದ್ದಾಗ ಭತ್ತದ ಗದ್ದೆಯವರಿಗೂ, ಆ ಗದ್ದೆಯ ಕೂಲಿಯನ್ನೇ ನಂಬಿದವರಿಗೂ ಒಂದು ವಾರ ನಿದ್ದೆಯಿರಲಿಲ್ಲ. ಒಂದು ಕೋರ್ಟಿನ ಆದೇಶ, ಒಂದು ಗೇಟಿನ ಸರಪಳಿ: ಇಲ್ಲಿಯ ಸಂಪಾದನೆ ಇಂಥವುಗಳ ಮೇಲೆ ನಿಂತಿದೆ. ಹಾಗಾಗಿ ಒಳ್ಳೆಯ ತಿಂಗಳ ಪಗಾರ ನೋಡಿ ಕಂತು ಒಪ್ಪಿಕೊಳ್ಳಬಾರದು. ಕೆಲಸ ಕಡಿಮೆಯಿದ್ದ ತಿಂಗಳು ಎಷ್ಟು ಕೈಗೆ ಬಂತೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲ ಸಾಲ ಒಂದೇ ಅಳತೆಗೆ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎಲ್ಲ ಸಾಲ ಬರೆಯಿರಿ. ಯಾರದು, ಪಡೆದದ್ದು ಎಷ್ಟು, ಇನ್ನೂ ಉಳಿದ ಅಸಲು ಎಷ್ಟು, ತಿಂಗಳಿಗೆ ಹೋಗುತ್ತಿರುವುದು ಎಷ್ಟು, ಏನು ಒತ್ತೆ ಇಟ್ಟಿದ್ದೀರಿ, ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ. ಗಂಡ ಹೆಂಡತಿಗೆ ಹೇಳದ ಸಾಲ, ಹೆಂಡತಿ ಗಂಡನಿಗೆ ಹೇಳದ ಸಾಲ ಎರಡೂ ಆ ಪುಟಕ್ಕೆ ಬರಲೇಬೇಕು. ಈ ಸಂಜೆ ಜಗಳವಾಗಬಹುದು, ಆಗಲಿ. ಬಚ್ಚಿಟ್ಟ ಒಂದು ಸಾಲ ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ.

ಆಮೇಲೆ ಪ್ರತಿಯೊಂದರ ಮುಂದೆ ವರ್ಷದ ಬಡ್ಡಿ ಬರೆಯಿರಿ. ಕೈಸಾಲದ ಲೆಕ್ಕ ಸುಲಭ. ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಶೇ. 24, ನೂರಕ್ಕೆ ಮೂರು ಅಂದರೆ ಶೇ. 36, ನೂರಕ್ಕೆ ಐದು ಅಂದರೆ ಶೇ. 60. ದಿನದ ಫೈನಾನ್ಸಿನಲ್ಲಿ ಬಡ್ಡಿ ಮರೆಯಾಗಿರುತ್ತದೆ. ‘ಹತ್ತು ಸಾವಿರ ಸಾಲ, ದಿನಕ್ಕೆ ನೂರರಂತೆ ನೂರು ದಿನ’ ಎನ್ನುತ್ತಾರೆ. ಕೇಳಲು ಬಡ್ಡಿಯೇ ಇಲ್ಲ ಅನ್ನಿಸುತ್ತದೆ. ಆದರೆ ಕೈಗೆ ಕೊಡುವಾಗ 1,500 ಮುರಿದುಕೊಂಡು 8,500 ಕೊಡುತ್ತಾರೆ. ಮೊದಲ ದಿನದಿಂದಲೇ ಅಸಲು ವಾಪಸು ಹೋಗುತ್ತಿರುವುದರಿಂದ ಆ 8,500 ಪೂರ್ತಿ ನಿಮ್ಮ ಬಳಿ ಒಂದು ದಿನವೂ ಸರಿಯಾಗಿ ನಿಲ್ಲುವುದಿಲ್ಲ. ಲೆಕ್ಕ ಬಿಡಿಸಿದರೆ ವರ್ಷಕ್ಕೆ ಸುಮಾರು ಶೇ. 120 ಬಡ್ಡಿ.

‘ಫ್ಲಾಟ್ ಬಡ್ಡಿ’ ಎಂಬ ಮಾತನ್ನೂ ಗಮನಿಸಿ. 50,000 ರೂಪಾಯಿಗೆ ಎರಡು ವರ್ಷಕ್ಕೆ ಶೇ. 12 ಫ್ಲಾಟ್ ಎಂದರೆ ಬಡ್ಡಿ 12,000, ಒಟ್ಟು 62,000, ತಿಂಗಳ ಕಂತು ಸುಮಾರು 2,583. ಪ್ರತಿ ತಿಂಗಳು ಅಸಲು ಕರಗುತ್ತಿದ್ದರೂ ಕೊನೆಯ ತಿಂಗಳವರೆಗೂ ಇಡೀ 50,000ಕ್ಕೆ ಬಡ್ಡಿ ಹಾಕಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಶೇ. 21 ದಾಟುತ್ತದೆ. ಯಾರ ಬಳಿ ಸಾಲ ತೆಗೆದುಕೊಂಡರೂ ಒಂದೇ ಪ್ರಶ್ನೆ ಕೇಳಿ: ‘ಉಳಿದ ಅಸಲಿನ ಮೇಲೆ ವರ್ಷಕ್ಕೆ ಎಷ್ಟು?’ ಸಾಲದ ವಾರ್ಷಿಕ ಬಡ್ಡಿಯನ್ನು ಎಲ್ಲ ಶುಲ್ಕ ಸೇರಿಸಿ ಕಾಗದದಲ್ಲಿ ತೋರಿಸಬೇಕೆಂದು ಮೈಕ್ರೋಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆ ಕಾಗದವನ್ನು ಕೇಳಿ ಪಡೆಯಿರಿ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಇದು ಯಾರದೋ ಮನೆಯ ಕಥೆಯಲ್ಲ, ಈ ಭಾಗದ ದುಡಿಮೆ ಮತ್ತು ಸಾಲದ ಬಗೆ ನೋಡಿ ಕಟ್ಟಿದ ಲೆಕ್ಕ. ಗಂಡ ಟಿಪ್ಪರ್ ಓಡಿಸುತ್ತಾನೆ, ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ 15,000. ಹೆಂಡತಿ ಹೊಲದ ಕೂಲಿಗೆ ಹೋಗಿ 5,000 ತರುತ್ತಾಳೆ. ಗೃಹಲಕ್ಷ್ಮಿಯ 2,000 ಬೇರೆ. ಇಬ್ಬರು ಮಕ್ಕಳು, ಒಬ್ಬರು ಅತ್ತೆ. ಸಾಲಗಳು ಹೀಗಿವೆ. ಕೈಸಾಲ 40,000, ನೂರಕ್ಕೆ ಐದು, ತಿಂಗಳಿಗೆ ಬಡ್ಡಿಯೇ 2,000. ದಿನದ ಫೈನಾನ್ಸ್ ಇನ್ನು 60 ದಿನ ಬಾಕಿ, ತಿಂಗಳಿಗೆ 3,000. ಎರಡು ಮೈಕ್ರೋಫೈನಾನ್ಸ್ ಸಾಲ: ಒಂದರಲ್ಲಿ ಉಳಿದದ್ದು 35,000, ಕಂತು 2,650. ಇನ್ನೊಂದರಲ್ಲಿ 30,000, ಕಂತು 2,100. ಗಿರವಿ ಅಂಗಡಿಯಲ್ಲಿ ಒಂದು ತೊಲದಷ್ಟು, 10 ಗ್ರಾಂ, ಒಡವೆಯ ಮೇಲೆ 30,000, ನೂರಕ್ಕೆ ಎರಡು, ತಿಂಗಳಿಗೆ 600. ಅಣ್ಣನ ಕೈಗಡ 25,000, ಬಡ್ಡಿಯಿಲ್ಲ. ಕಿರಾಣಿ ಅಂಗಡಿಯ ಉದ್ರಿ 6,000.

ತಿಂಗಳಿಗೆ 10,350 ಸಾಲಕ್ಕೇ ಹೋಗುತ್ತಿದೆ. ಇಬ್ಬರ ದುಡಿಮೆಯ ಅರ್ಧಕ್ಕಿಂತ ಹೆಚ್ಚು.

ಈ ಮನೆಯಲ್ಲಿ ಅತಿ ಹೆಚ್ಚು ಕೂಗುವವರು ಯಾರು? ಸಂಘದ ಕಂತು. ಪಕ್ಕದ ಮನೆಯ ಅಕ್ಕ, ಎದುರು ಮನೆಯ ಚಿಕ್ಕಮ್ಮ ಎಲ್ಲರೂ ಅದೇ ಗುಂಪಿನಲ್ಲಿದ್ದಾರೆ. ಒಬ್ಬರು ಕಟ್ಟದಿದ್ದರೆ ಉಳಿದವರನ್ನು ಕೂರಿಸಿಕೊಳ್ಳುತ್ತಾರೆ, ಓಣಿಯಲ್ಲಿ ಮರ್ಯಾದೆ ಹೋಗುತ್ತದೆ. ಆಮೇಲೆ ಸಂಜೆ ಬೈಕ್ ನಿಲ್ಲಿಸುವ ಹುಡುಗ. ಕೈಸಾಲ ಕೊಟ್ಟವರು ಮಾತ್ರ ಬಲು ಮೆತ್ತಗೆ ಮಾತಾಡುತ್ತಾರೆ: ‘ಅಸಲಿಗೇನು ಅವಸರ ಇಲ್ಲವ್ವ, ಬಡ್ಡಿ ತಪ್ಪಿಸಬ್ಯಾಡ ಅಷ್ಟೆ.’ ಈ ಮೆತ್ತಗಿನ ಮಾತೇ ಮನೆಯನ್ನು ಕೊರೆಯುತ್ತದೆ. 20 ತಿಂಗಳು ಬಡ್ಡಿ ಕಟ್ಟಿದರೆ 40,000 ಆಯಿತು, ಪಡೆದಷ್ಟೂ ಕೊಟ್ಟಂತಾಯಿತು. ಅಸಲು ಇನ್ನೂ 40,000 ಹಾಗೇ ಇದೆ.

ಹಾಗಾದರೆ ಸಂಘದ ಕಂತು ಬಿಟ್ಟುಬಿಡಬೇಕೆ? ಬೇಡ. ಎಲ್ಲ ಸಾಲಕ್ಕೂ ಕಟ್ಟಲೇಬೇಕಾದಷ್ಟು ಕಟ್ಟುತ್ತಲೇ ಇರಿ. ಅದಕ್ಕಿಂತ ಹೆಚ್ಚಾಗಿ ಕೈಗೆ ಸಿಕ್ಕಿದ ಪ್ರತಿ ರೂಪಾಯಿಯೂ ಅತಿ ಹೆಚ್ಚು ಬಡ್ಡಿಯ ಸಾಲದ ಅಸಲಿಗೆ ಹೋಗಲಿ. ದಿನದ ಫೈನಾನ್ಸ್ ಎರಡು ತಿಂಗಳಲ್ಲಿ ತಾನೇ ಮುಗಿಯುತ್ತದೆ. ಮುಗಿದ ದಿನವೇ ‘ಇನ್ನೊಂದು ಹತ್ತು ಸಾವಿರ ಹಾಕಿಕೊಡ್ಲಾ ಅಕ್ಕಾ?’ ಎಂದು ಕೇಳುತ್ತಾರೆ. ಈ ಇಡೀ ಹೋರಾಟದಲ್ಲಿ ಬೇಡ ಎನ್ನಲೇಬೇಕಾದ ಗಳಿಗೆ ಅದು. ಅಲ್ಲಿ ಉಳಿಯುವ 3,000, ಈಗಾಗಲೇ ಕೊಡುತ್ತಿರುವ ಬಡ್ಡಿ 2,000, ಎರಡೂ ಸೇರಿ ತಿಂಗಳಿಗೆ 5,000 ಕೈಸಾಲಕ್ಕೆ ಹೋದರೆ ನೂರಕ್ಕೆ ಐದರ ಬಡ್ಡಿಯಲ್ಲೂ ಅದು 11 ತಿಂಗಳಲ್ಲಿ ತೀರುತ್ತದೆ.

ಇನ್ನೂ ಬೇಗ ತೀರಿಸುವ ದಾರಿ ಗಿರವಿ ಅಂಗಡಿಯಲ್ಲಿರುವ ಒಡವೆಯಲ್ಲಿದೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪರಂಜಿ ಚಿನ್ನದ ಬೆಲೆ ಮೊದಲ ಬಾರಿಗೆ ಒಂದು ಲಕ್ಷ ದಾಟಿತು. ಹಳೆಯ ಬೆಲೆಗೆ ಇಟ್ಟ 10 ಗ್ರಾಂ ಆಭರಣದ ಮೇಲೆ ಬ್ಯಾಂಕಿನಲ್ಲಿ 65,000 ಸಿಗುವುದು ಸಾಧ್ಯ. ಬಡ್ಡಿ ವರ್ಷಕ್ಕೆ ಶೇ. 10ರ ಆಸುಪಾಸು. ಆ ಹಣದಲ್ಲಿ ಗಿರವಿಯ 30,000 ತೀರಿಸಿ, ಉಳಿದ 35,000 ಕೈಸಾಲಕ್ಕೆ ಕಟ್ಟಿದರೆ ಏನಾಗುತ್ತದೆ ನೋಡಿ. ಮೊದಲು ಈ ಎರಡು ಸಾಲಕ್ಕೆ ತಿಂಗಳಿಗೆ 2,600 ಬಡ್ಡಿ. ಈಗ ಬ್ಯಾಂಕಿನ ಬಡ್ಡಿ ಸುಮಾರು 540, ಉಳಿದ 5,000 ಕೈಸಾಲದ ಬಡ್ಡಿ 250. ತಿಂಗಳಿಗೆ 1,800 ರೂಪಾಯಿ, ಯಾವ ಹೊಸ ದುಡಿಮೆಯೂ ಇಲ್ಲದೆ, ಮನೆಯಲ್ಲೇ ಉಳಿಯಿತು.

ಇದರಲ್ಲಿ ಎಡವುವ ಜಾಗಗಳೂ ಇವೆ. ಗಿರವಿ ಬಿಡಿಸದೆ ಒಡವೆ ಬ್ಯಾಂಕಿಗೆ ಹೋಗುವುದಿಲ್ಲ, ಬಿಡಿಸಲು ಮೊದಲೇ 30,000 ಬೇಕು. ಆ ಒಂದು ದಿನಕ್ಕೆ ಅಣ್ಣ ತಮ್ಮಂದಿರಲ್ಲಿ ಕೇಳಿ ಅಂದೇ ಸಂಜೆ ವಾಪಸು ಕೊಡುವುದು ಸಾಮಾನ್ಯವಾಗಿ ಆಗುವ ಕೆಲಸ. ಆ ಒಂದು ದಿನಕ್ಕೂ ಬಡ್ಡಿಯವರ ಬಳಿ ಹೋಗಬೇಡಿ. ಕಲ್ಲು, ಅರಗಿನ ತೂಕ ಕಳೆದು ಬೆಲೆ ಕಟ್ಟುತ್ತಾರೆ, ಹಾಗಾಗಿ ಅಂದಾಜಿಗಿಂತ ಕಡಿಮೆ ಸಿಗಬಹುದು. ಸಿಕ್ಕ ಹಣ ಮನೆಗೆ ಬರದೆ ನೇರವಾಗಿ ಸಾಲಕ್ಕೆ ಹೋಗಲಿ. ಮನೆಗೆ ಬಂದ 35,000ಕ್ಕೆ ಹತ್ತು ದಾರಿ ಹುಟ್ಟುತ್ತದೆ. ಕೊನೆಯದಾಗಿ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಬಗೆಯ ಚಿನ್ನದ ಸಾಲವಾದರೆ ಅವಧಿ 12 ತಿಂಗಳು ಎಂಬುದು ನೆನಪಿರಲಿ, ಹನ್ನೊಂದನೇ ತಿಂಗಳಿಗೇ ತಯಾರಿ ಬೇಕು.

ಇದಾದ ಮೇಲೆ ಲೆಕ್ಕ ತಾನೇ ವೇಗ ಹಿಡಿಯುತ್ತದೆ. ಮೂರು ತಿಂಗಳೊಳಗೆ ಕೈಸಾಲವೂ ದಿನದ ಫೈನಾನ್ಸೂ ಮುಗಿದಿರುತ್ತವೆ. ತಿಂಗಳಿಗೆ ಸುಮಾರು 5,000 ಬಿಡುವಾಗುತ್ತದೆ. ಅದರಲ್ಲಿ 1,000 ಆಪತ್ತಿಗೆ ಎತ್ತಿಟ್ಟು 4,000ವನ್ನು ಸಣ್ಣ ಮೈಕ್ರೋಫೈನಾನ್ಸ್ ಸಾಲಕ್ಕೆ ಕಂತಿನ ಜೊತೆ ಸೇರಿಸಿದರೆ ಅದು ಎಂಟನೇ ತಿಂಗಳಿಗೆ ಮುಗಿಯುತ್ತದೆ. ಅದರ ಕಂತೂ ಇನ್ನೊಂದಕ್ಕೆ ಸೇರಿದರೆ ಹನ್ನೊಂದನೇ ತಿಂಗಳಿಗೆ ಅದೂ ಮುಗಿಯುತ್ತದೆ. ಆಮೇಲೆ ಬ್ಯಾಂಕಿನ ಚಿನ್ನ, ಕೊನೆಗೆ ಅಣ್ಣನ ಕೈಗಡ ಮತ್ತು ಉದ್ರಿ. ಲೆಕ್ಕದಲ್ಲಿ ಒಡವೆ ಮನೆಗೆ ಬರಲು 20 ತಿಂಗಳ ಆಸುಪಾಸು. ಬದುಕಿನಲ್ಲಿ ಜ್ವರ ಬರುತ್ತದೆ, ಗಾಡಿ ಕೆಡುತ್ತದೆ, ಮಳೆ ಕೈಕೊಡುತ್ತದೆ. ಎರಡು ವರ್ಷ, ಎರಡೂವರೆ ವರ್ಷ ಎಂದೇ ಮನಸ್ಸಿನಲ್ಲಿಟ್ಟುಕೊಳ್ಳಿ. ಈಗಿನ ದಾರಿಯಲ್ಲಿ ಎರಡು ವರ್ಷಕ್ಕೆ ಕೈಸಾಲದ ಬಡ್ಡಿಯೊಂದೇ 48,000, ಅಸಲು ನಿಂತಲ್ಲೇ ನಿಂತಿರುತ್ತದೆ.

ಒಡವೆ ಇಲ್ಲದ ಮನೆಯವರು ಮಾತಿನಿಂದ ಶುರು ಮಾಡಬೇಕು. ಕೈಸಾಲ ಕೊಟ್ಟವರ ಬಳಿ ಒಬ್ಬರೇ ಹೋಗಬೇಡಿ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಇಲ್ಲಿಯವರೆಗೆ ಕೊಟ್ಟ ಬಡ್ಡಿಯ ಪಟ್ಟಿ ಕೈಯಲ್ಲಿರಲಿ. ‘ಸಾವ್ಕಾರ್ರೇ, ನಿಮ್ಮ ಅಸಲು ಮುಳುಗಿಸೋದಿಲ್ಲ. ಇವತ್ತಿಂದ ಬಡ್ಡಿ ನಿಲ್ಲಸ್ರಿ, ತಿಂಗಳಿಗೆ ಮೂರು ಸಾವಿರದಂಗ ಅಸಲಿಗೆ ಕಟ್ತೀನಿ’ ಎಂದು ಕೇಳಿ. ನಿಲ್ಲಿಸದಿದ್ದರೂ ಐದನ್ನು ಎರಡಕ್ಕೆ ಇಳಿಸಿದರೆ ದೊಡ್ಡ ಗೆಲುವು. ಕರ್ನಾಟಕದಲ್ಲಿ ಪರವಾನಗಿ ಇರುವ ಲೇವಾದೇವಿಗಾರರೂ ಒತ್ತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ. 14, ಒತ್ತೆಯಿಲ್ಲದ ಸಾಲಕ್ಕೆ ಶೇ. 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಮೀಟರ್ ಬಡ್ಡಿಯ ವಿರುದ್ಧ 2004ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಎದುರಿನವರಿಗೂ ಇದು ಗೊತ್ತಿರುತ್ತದೆ. ನಿಮಗೂ ಗೊತ್ತಿದೆ ಎಂಬುದು ಅವರಿಗೆ ತಿಳಿದರೆ ಸಾಕು. ಒಪ್ಪಿದ ಮಾತನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಅಲ್ಲಿಂದ ಮುಂದೆ ಪ್ರತಿ ಕಂತನ್ನೂ ಫೋನ್‌ಪೇ, ಗೂಗಲ್‌ಪೇ ಮೂಲಕವೇ ಕೊಡಿ. ಕೈಯಿಂದ ಕೈಗೆ ಕೊಟ್ಟ ಹಣಕ್ಕೆ ಸಾಕ್ಷಿ ಇರುವುದಿಲ್ಲ.

ಬಾಗಿಲಿಗೆ ಬಂದವರ ಮುಂದೆ

2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು, ಕೆಲವರು ಜೀವವನ್ನೇ ಕಳೆದುಕೊಂಡರು. ಆ ನೋವಿನಿಂದ ಫೆಬ್ರುವರಿ 12ರಂದು ಕಿರುಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂತು. ಮುಂದಿನ ತಿಂಗಳು ವಿಧಾನಮಂಡಲವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ದಾಖಲಿಸಲು ನಿರಾಕರಿಸುವಂತಿಲ್ಲ. ನೋಂದಣಿಯಿಲ್ಲದೆ ಸಾಲ ಕೊಟ್ಟವರು ಬಡವರಿಂದ ಆ ಸಾಲ ವಸೂಲು ಮಾಡುವಂತಿಲ್ಲ, ಅದು ತೀರಿದಂತೆಯೇ ಎನ್ನುತ್ತದೆ ಕಾನೂನು.

ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ, ಅದನ್ನು ಬಿಡಿಸಿ ಹೇಳಲೇಬೇಕು. ‘ಸರ್ಕಾರ ಸಂಘದ ಸಾಲ ಮನ್ನಾ ಮಾಡಿದೆ’ ಎಂಬ ಮಾತು ನಿಜವಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಕಂಪನಿಗಳ ಸಾಲ ಮನ್ನಾ ಆಗಿಲ್ಲ. ಈ ಮಾತು ನಂಬಿ ಕಂತು ನಿಲ್ಲಿಸಿದರೆ ಸಾಲದ ದಾಖಲೆ ಕೆಟ್ಟು, ನಾಳೆ ಬ್ಯಾಂಕಿನ ಕಡಿಮೆ ಬಡ್ಡಿಯ ಸಾಲದ ಬಾಗಿಲೂ ಮುಚ್ಚುತ್ತದೆ. ಆಗ ಉಳಿಯುವುದು ಮತ್ತೆ ನೂರಕ್ಕೆ ಐದೇ.

ನೋಂದಾಯಿತ ಕಂಪನಿಗಳಿಗೂ ಕಡಿವಾಣವಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕೈಸಾಲ, ದಿನದ ಫೈನಾನ್ಸ್ ಯಾವ ದಾಖಲೆಯಲ್ಲೂ ಕಾಣದ ಕಾರಣ ಈ ಮಿತಿ ನಮ್ಮ ಊರುಗಳಲ್ಲಿ ಮೀರುತ್ತದೆ, ಅದನ್ನು ನಾವೇ ಕಾಯ್ದುಕೊಳ್ಳಬೇಕು. ಕಂತಿನ ಹಣ ವಸೂಲಿಗೆ ಇಬ್ಬರೂ ಒಪ್ಪಿದ ಜಾಗವಿರಬೇಕು. ಆ ಜಾಗಕ್ಕೆ ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ನೆಂಟರಿಗೆ, ಜೊತೆ ಕೆಲಸದವರಿಗೆ ಕಾಟ ಕೊಡುವುದು, ಹೆಸರು ಬರೆದು ಹಚ್ಚುವುದು, ಇಲ್ಲದ ಶಿಕ್ಷೆ ಹೇಳಿ ಹೆದರಿಸುವುದು ಎಲ್ಲವೂ ನಿಷಿದ್ಧ. ತಡವಾದರೆ ದಂಡ ಬಾಕಿ ಬಿದ್ದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವೇ ಇಲ್ಲ. ನಡುವೆ ಹೆಚ್ಚಿನ ಹಣ ಕಟ್ಟಲು ಶಾಖೆಯವರು ಒಪ್ಪದಿದ್ದರೆ ಬೇರೆ ಖಾತೆಯಲ್ಲಿ ಕೂಡಿಟ್ಟು ಒಟ್ಟಿಗೆ ತೀರಿಸಿ.

ಕೆಲಸ ನಿಂತು ಕಂತು ಕಟ್ಟಲಾಗದ ತಿಂಗಳು ಫೋನ್ ಆಫ್ ಮಾಡಿ ಕೂರಬೇಡಿ. ಶಾಖೆಗೆ ಹೋಗಿ ಬರಹದಲ್ಲಿ ಕೊಡಿ: ಇಂಥ ಕಾರಣ, ಇಷ್ಟು ತಿಂಗಳು ಕಷ್ಟ, ಕಂತು ಇಳಿಸಿ ಅವಧಿ ಹೆಚ್ಚಿಸಿ. ಅದರ ನಕಲಿಗೆ ಸಹಿ ಮೊಹರು ಹಾಕಿಸಿಕೊಳ್ಳಿ. ಹಳೆಯದನ್ನು ತೀರಿಸಲು ಇನ್ನೂ ದೊಡ್ಡ ಹೊಸ ಸಾಲ ಕೊಡುತ್ತೇವೆ ಎಂದರೆ ಬೇಡವೆನ್ನಿ. ಕಂಪನಿ ದೂರಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಸಹಾಯವಾಣಿ 14448. ಬೆದರಿಕೆ ಹಾಕಿದರೆ 112. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವಿದೆ, 15100ಕ್ಕೆ ಫೋನ್ ಮಾಡಿ. ಲೋಕ ಅದಾಲತ್‌ನಲ್ಲಿ ಕೂತು ಬಾಕಿಯನ್ನು ರಾಜಿ ಮಾಡಿಕೊಂಡರೆ ಕೋರ್ಟ್ ಶುಲ್ಕವೂ ಇಲ್ಲ.

ಹೊಲ ಇರುವವರು ಸೊಸೈಟಿ ಸಾಲವನ್ನು ಕಣ್ಣಿನಂತೆ ಕಾಯಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಬೆಳೆಸಾಲಕ್ಕೆ ರಾಜ್ಯದಲ್ಲಿ ಬಡ್ಡಿಯೇ ಇಲ್ಲ, 2023ರ ಬಜೆಟ್ಟಿನಲ್ಲಿ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಈ ಭಾಗದ ಸಂಘಗಳ ಮೇಲಿನ ಬಳ್ಳಾರಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಕೇಂದ್ರ ಕಚೇರಿ ಹೊಸಪೇಟೆಯಲ್ಲೇ ಇದೆ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲ. ಗಡುವಿನ ದಿನ ಕಟ್ಟಿ ಮತ್ತೆ ಪಡೆಯಲು ಎಷ್ಟೋ ರೈತರು ವಾರದ ಮಟ್ಟಿಗೆ ಭಾರೀ ಬಡ್ಡಿಯ ಕೈಸಾಲ ತರುತ್ತಾರೆ. ಬಡ್ಡಿಯಿಲ್ಲದ ಸಾಲಕ್ಕೆ ಹೀಗೆ ಬಡ್ಡಿ ಕಟ್ಟುವುದು ತಪ್ಪಬೇಕಾದರೆ ಫಸಲು ಮಾರಿದ ದಿನವೇ ಆ ಮೊತ್ತವನ್ನು ಬೇರೆ ಖಾತೆಗೆ ಹಾಕಿಬಿಡಬೇಕು.

ಮನೆಯ ಖರ್ಚು

ಖರ್ಚಿನ ವಿಷಯದಲ್ಲಿ ನನಗೆ ದೊಡ್ಡ ಉಪದೇಶವಿಲ್ಲ. 20,000ದಲ್ಲಿ ಐದು ಜನ ಬದುಕುವ ಮನೆಗೆ ಚಹಾ ಬಿಡಿ ಎಂದು ಹೇಳುವುದು ಸರಿಯಲ್ಲ. ನಿಜವಾಗಿ ಉಳಿಯುವುದು ಕೆಲವೇ ಕಡೆ. ಕಿರಾಣಿಯನ್ನು ಉದ್ರಿಯಲ್ಲಿ ತರುವಾಗ ಬೆಲೆ ಕೇಳುವ ಧೈರ್ಯ ಇರುವುದಿಲ್ಲ. ಉದ್ರಿ ತೀರಿಸಿ ನಗದಿಗೆ ಕೊಂಡರೆ ಅಲ್ಲೇ ವ್ಯತ್ಯಾಸ ಕಾಣುತ್ತದೆ. ಹಿಂಗಾರಿ ಜೋಳ ಬರುವ ಹೊತ್ತಿಗೆ ಒಂದೆರಡು ಚೀಲ ಒಟ್ಟಿಗೆ ಕೊಂಡರೆ ವರ್ಷದ ರೊಟ್ಟಿಯ ಚಿಂತೆ ಹಗುರ. ಮೊಬೈಲ್ ರೀಚಾರ್ಜ್ 28 ದಿನದ್ದಾದರೆ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕಾಗುತ್ತದೆ. ಮೂರು ಫೋನ್ ಇರುವ ಮನೆಯಲ್ಲಿ ಒಂದಕ್ಕೆ ಮಾತ್ರ ಇಂಟರ್‌ನೆಟ್ ಇಟ್ಟು ನೋಡಿ. ಹೊಸಪೇಟೆಗೆ ಕೆಲಸಕ್ಕೆ ಹೋಗುವ ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಉಚಿತ. ಆ ಉಳಿತಾಯ ಎಲ್ಲಿ ಹೋಗುತ್ತಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದರೆ ಮಾತ್ರ ಕೈಗೆ ಸಿಗುತ್ತದೆ. ಮನೆಯಲ್ಲಿ ಕುಡಿತ ಇದ್ದರೆ ಆ ಖರ್ಚನ್ನೂ ಅದೇ ಪುಟದಲ್ಲಿ ಬರೆಯಿರಿ, ಬೇರೆ ಹೆಸರಿನಲ್ಲಿ ಬೇಡ.

ಗೃಹಲಕ್ಷ್ಮಿಯ 2,000ದ ಮೇಲೆ ಯಾವ ಕಂತನ್ನೂ ನಿಲ್ಲಿಸಬೇಡಿ. ಅದು ಕೆಲವೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಸೇರಿ ಬರುತ್ತದೆ. ಕಂತಿಗೆ ಅದು ನಂಬಿಕೆಯ ಹಣವಲ್ಲ, ಆಪತ್ಕಾಲದ ಗಂಟಿಗೆ ಮಾತ್ರ ತುಂಬ ಒಳ್ಳೆಯದು. ಸಾಲವಿರುವಾಗಲೂ 5,000 ರೂಪಾಯಿ ಗಂಟು ಇರಲೇಬೇಕು. ಮಗುವಿಗೆ ಡೆಂಗಿ ಬಂದ ರಾತ್ರಿ ಕೈಯಲ್ಲಿ 5,000 ಇಲ್ಲದ ಕಾರಣಕ್ಕೇ ನೂರಕ್ಕೆ ಹತ್ತರ ಸಾಲ ಮನೆಯೊಳಗೆ ಬರುತ್ತದೆ. ಈ ಹಣ ಕಂತು ಕಡಿತವಾಗುವ ಖಾತೆಯಲ್ಲಿ ಇರಬಾರದು. ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ. ಉಳಿತಾಯ ಮಾಡುವ ಸ್ತ್ರೀಶಕ್ತಿ, ಸಂಜೀವಿನಿ ಸಂಘದಲ್ಲಿದ್ದರೆ ಅಲ್ಲಿಯ ಒಳಸಾಲವೂ ಹೊರಗಿನ ಕೈಸಾಲಕ್ಕಿಂತ ಎಷ್ಟೋ ಮೇಲು.

ಆಸ್ಪತ್ರೆ ಮತ್ತು ಮದುವೆ, ಇವೆರಡೇ ಈ ಭಾಗದ ಬಡ ಮನೆಗಳನ್ನು ಒಂದೇ ಏಟಿಗೆ ಹಿಂದಕ್ಕೆ ತಳ್ಳುವುದು. ಬಿಪಿಎಲ್ ಕಾರ್ಡಿರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಕಾಯಿಲೆ ಬರುವ ಮುಂಚೆಯೇ ಎಲ್ಲರ ಹೆಸರಿನ ಕಾರ್ಡು ಮಾಡಿಸಿಡಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷದ ಅಪಘಾತ ವಿಮೆ, 436 ಕಟ್ಟಿದರೆ 2 ಲಕ್ಷದ ಜೀವ ವಿಮೆ. ಅದಿರಿನ ಲಾರಿಗಳು ಓಡುವ ರಸ್ತೆಯಲ್ಲಿ ದಿನವೂ ದುಡಿಯುವವನ ಮನೆಗೆ ಈ 456 ರೂಪಾಯಿ ಸಾಲ ತೀರಿಸುವಷ್ಟೇ ಮುಖ್ಯ. ಮದುವೆಯ ಬಗ್ಗೆ ಹೇಳುವುದಾದರೆ, ಸಾಮೂಹಿಕ ವಿವಾಹದಲ್ಲಿ ಮಕ್ಕಳ ಮದುವೆ ಮಾಡಿದವರನ್ನು ಕಂಡಾಗ ನನಗೆ ಗೌರವ ಹೆಚ್ಚುತ್ತದೆ. ಒಂದು ದಿನದ ಊಟಕ್ಕೆ ಹತ್ತು ವರ್ಷದ ಕೂಲಿ ಅಡವಿಡದವರು ಅವರು.

ಸಾಲ ಮನಸ್ಸನ್ನೂ ತಿನ್ನುತ್ತದೆ. ನಿದ್ದೆ ಬಾರದೆ, ಮಾತು ನಿಂತು, ‘ನಾನಿಲ್ಲದಿದ್ದರೆ ಇವರಾದರೂ ನೆಮ್ಮದಿಯಾಗಿರುತ್ತಾರೆ’ ಎಂಬ ಯೋಚನೆ ಬಂದವರು ಅದನ್ನು ಒಬ್ಬರಿಗಾದರೂ ಹೇಳಬೇಕು. ಟೆಲಿ ಮಾನಸ್ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲಕ್ಕೆ ಕಂತಿದೆ, ರಾಜಿಯಿದೆ, ಕಾನೂನಿದೆ. ಹೋದ ಜೀವಕ್ಕೆ ಯಾವುದೂ ಇಲ್ಲ.

ಒಂದೊಂದು ಸಾಲ ತೀರಿದಾಗಲೂ ಕಾಗದದ ಕೆಲಸ ಅಂದೇ ಮುಗಿಸಿ. ಕೈಸಾಲಕ್ಕೆ ಕೊಟ್ಟ ಪ್ರಾಮಿಸರಿ ನೋಟು, ಸಹಿ ಮಾಡಿದ ಖಾಲಿ ಚೆಕ್ಕು, ಬಾಂಡ್ ಪೇಪರ್ ವಾಪಸು ಪಡೆಯದೆ ಕೊನೆಯ ಕಂತು ಕೊಡಬೇಡಿ. ‘ಎಲ್ಲೋ ಇಟ್ಟೀನಿ, ಆಮೇಲೆ ಕೊಡ್ತೀನಿ’ ಎಂದರೆ ಸಾಲ ಪೂರ್ತಿ ಸಂದಾಯವಾಗಿದೆ ಎಂದು ಬರೆಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿಸಿಕೊಳ್ಳಿ. ಬ್ಯಾಂಕು, ಕಂಪನಿಗಳಿಂದ ಸಾಲ ತೀರಿದ ಪತ್ರ ಕೇಳಿ. ಪಹಣಿಯಲ್ಲಿ ಸಾಲದ ಭಾರ ನಮೂದಾಗಿದ್ದರೆ ಅದನ್ನು ತೆಗೆಸಿ. ಎರಡು ತಿಂಗಳು ಬಿಟ್ಟು ನಿಮ್ಮ ಸಾಲದ ದಾಖಲೆ ತೆಗೆಸಿ ನೋಡಿ. ದೇಶದಲ್ಲಿರುವ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಓದಿದ ಮಗಳೋ ಮಗನೋ ಫೋನಿನಲ್ಲೇ ತೆಗೆದುಕೊಡಬಹುದು. ನೀವು ಪಡೆಯದ ಸಾಲ ನಿಮ್ಮ ಹೆಸರಿನಲ್ಲಿ ಕಂಡರೆ, ತೀರಿಸಿದ್ದು ಬಾಕಿ ಎಂದಿದ್ದರೆ, ಸಾಲ ತೀರಿದ ಪತ್ರ ಲಗತ್ತಿಸಿ ಅಲ್ಲೇ ತಕರಾರು ಸಲ್ಲಿಸಿ. 30 ದಿನದೊಳಗೆ ಅದನ್ನು ಸರಿಪಡಿಸುವುದು ಅವರ ಹೊಣೆ.